ನಿರ್ವಾತ ನಳಿಕೆಯ ಗಿಟಾರ್ ಆಂಪ್ಲಿಫೈಯರ್

ನಿರ್ವಾತ ನಳಿಕೆಯ ಗಿಟಾರ್ ಆಂಪ್ಲಿಫೈಯರ್ ಎಂಬುದು ವಿದ್ಯುತ್ ಗಿಟಾರಿನಿಂದ ಬರುವ ದುರ್ಬಲ ಸಂಕೇತವನ್ನು ನಿರ್ವಾತ ನಳಿಕೆಗಳ ನೆರವಿನಿಂದ ವರ್ಧಿಸಿ ಸ್ಪೀಕರಿಗೆ ಒದಗಿಸುವ ಸಾಧನವಾಗಿದೆ. ಇದನ್ನು ಅಮೆರಿಕದಲ್ಲಿ ‘ಟ್ಯೂಬ್ ಆಂಪ್’ ಎಂದೂ ಬ್ರಿಟನ್ನಿನಲ್ಲಿ ‘ವಾಲ್ವ್ ಆಂಪ್’ ಎಂದೂ ಕರೆಯುತ್ತಾರೆ. ಹಳೆಯ ವಾಲ್ವ್ ರೇಡಿಯೊಗಳಲ್ಲಿ ಇದ್ದುದು ಇದೇ ವರ್ಗದ ನಳಿಕೆಗಳು. ರೇಡಿಯೊ ಮತ್ತು ದೂರದರ್ಶನಗಳಲ್ಲಿ ನಳಿಕೆಗಳ ಸ್ಥಾನವನ್ನು ಟ್ರಾನ್ಸಿಸ್ಟರುಗಳು ಪಡೆದ ನಂತರವೂ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಅವು ಉಳಿದುಕೊಂಡಿವೆ. ಕಲಿಕೆಯ ಹಂತದಲ್ಲಿ ಅಗ್ಗದ ಟ್ರಾನ್ಸಿಸ್ಟರ್ ಅಥವಾ ಡಿಜಿಟಲ್ ಆಂಪ್ಲಿಫೈಯರ್ ಬಳಸಿದ ಅನೇಕ ವಾದಕರು ನಡುವಯಸ್ಸಿನಲ್ಲಿ ಅಥವಾ ಅನಂತರ ಉತ್ತಮ ದರ್ಜೆಯ ನಳಿಕೆ ಆಂಪ್ಲಿಫೈಯರ್‌ಗೆ ಬದಲಾಗುತ್ತಾರೆ. ಇಂತಹ ಬದಲಾವಣೆಯಲ್ಲಿ ಬೆಲೆಯಷ್ಟೇ ಅಲ್ಲದೆ ವ್ಯಾಟ್ ಸಾಮರ್ಥ್ಯ, ನುಡಿಸುವ ಸ್ಥಳ, ತೂಕ, ಶ್ರವಣದ ಸುರಕ್ಷತೆ ಹಾಗೂ ವಿದ್ಯುತ್ ಸುರಕ್ಷತೆಗಳೂ ಮುಖ್ಯವಾಗುತ್ತವೆ.

ಇತಿಹಾಸ

1904ರಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ವಿದ್ಯುದಗ್ರಗಳ ಡಯೋಡ್ ನಳಿಕೆಯನ್ನು ರೂಪಿಸಿದರು. 1906ರಲ್ಲಿ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ವಿದ್ಯುದಗ್ರವನ್ನು ಸೇರಿಸಿದರು. ಸಂಕೇತಗಳನ್ನು ವರ್ಧಿಸಲು ದಾರಿಯಾದದ್ದು ಈ ಮೂರು ವಿದ್ಯುದಗ್ರಗಳ ನಳಿಕೆಯಿಂದ. 1930ರ ದಶಕದಲ್ಲಿ ವಿದ್ಯುತ್ ಗಿಟಾರುಗಳು ಮಾರುಕಟ್ಟೆಗೆ ಬಂದಾಗ ಅವುಗಳೊಂದಿಗೆ ಸಣ್ಣ ನಳಿಕೆ ಆಂಪ್ಲಿಫೈಯರ್‌ಗಳೂ ಬಂದವು.

ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದ ಲಿಯೋ ಫೆಂಡರ್ 1946ರಲ್ಲಿ ತಮ್ಮ ಹೆಸರಿನ ಕಂಪನಿಯನ್ನು ಆರಂಭಿಸಿದರು. ಈ ಕಂಪನಿಯ ಬಾಸ್‌ಮನ್ ಆಂಪ್ಲಿಫೈಯರ್ ಬಾಸ್ ಗಿಟಾರಿಗಾಗಿ ತಯಾರಾಗಿದ್ದರೂ ಗಿಟಾರ್ ವಾದಕರಲ್ಲಿ ಹೆಚ್ಚು ಜನಪ್ರಿಯವಾಯಿತು. ಲಂಡನ್ನಿನಲ್ಲಿ ವಾದ್ಯಗಳ ಅಂಗಡಿ ನಡೆಸುತ್ತಿದ್ದ ಡ್ರಮ್ ವಾದಕ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು 1962ರಲ್ಲಿ ಬಾಸ್‌ಮನ್ ಮಾದರಿಯ ವಿದ್ಯುನ್ಮಂಡಲವನ್ನು ಆಧರಿಸಿ ‘ಜೆಟಿಎಮ್45’ ಅನ್ನು ನಿರ್ಮಿಸಿದರು. ಡಿಕ್ ಡೆನ್ನಿ ವಿನ್ಯಾಸಗೊಳಿಸಿದ ವಾಕ್ಸ್ ‘ಎಸಿ30’ ಬೀಟಲ್ಸ್ ತಂಡದ ಬಳಕೆಯಿಂದ ಪ್ರಸಿದ್ಧವಾಯಿತು. ಇಂದಿನ ಹೆಚ್ಚಿನ ನಳಿಕೆ ಆಂಪ್ಲಿಫೈಯರ್‌ಗಳ ಮೂಲವನ್ನು ಫೆಂಡರ್, ಮಾರ್ಷಲ್ ಮತ್ತು ವಾಕ್ಸ್ ವಿನ್ಯಾಸಗಳಲ್ಲಿ ಗುರುತಿಸಬಹುದು.

ರಚನೆ ಮತ್ತು ಕಾರ್ಯವಿಧಾನ

ಗಾಳಿಯನ್ನು ಹೊರತೆಗೆದ ಗಾಜಿನ ನಳಿಕೆಯೊಳಗೆ ಕಾಯಿಸಲ್ಪಟ್ಟ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಅವು ಹೆಚ್ಚಿನ ವೋಲ್ಟೇಜಿನಲ್ಲಿರುವ ಆನೋಡಿನ ಕಡೆಗೆ ಹರಿಯುತ್ತವೆ. ಇವೆರಡರ ನಡುವೆ ಇರುವ ಗ್ರಿಡ್‌ಗೆ ಗಿಟಾರಿನ ಸಂಕೇತವನ್ನು ನೀಡಿದಾಗ, ಅಲ್ಲಿನ ಅಲ್ಪ ಏರಿಳಿತವು ಎಲೆಕ್ಟ್ರಾನುಗಳ ಹರಿವಿನಲ್ಲಿ ದೊಡ್ಡ ಏರಿಳಿತವನ್ನು ಉಂಟುಮಾಡುತ್ತದೆ.

ಆಂಪ್ಲಿಫೈಯರ್‌ನಲ್ಲಿ ಸಾಮಾನ್ಯವಾಗಿ ಎರಡು ಘಟ್ಟಗಳಿರುತ್ತವೆ. ಪೂರ್ವವರ್ಧಕ ಘಟ್ಟದಲ್ಲಿ ಬಹುತೇಕ ‘12ಎಎಕ್ಸ್7’ ನಳಿಕೆಯನ್ನು ಬಳಸುತ್ತಾರೆ. ಯುರೋಪಿನಲ್ಲಿ ಇದರ ಹೆಸರು ‘ಇಸಿಸಿ83’. ಶಕ್ತಿವರ್ಧಕ ಘಟ್ಟದಲ್ಲಿ ‘6ವಿ6’, ‘6ಎಲ್6’, ‘ಇಎಲ್84’, ‘ಇಎಲ್34’ ಮುಂತಾದ ದೊಡ್ಡ ನಳಿಕೆಗಳಿರುತ್ತವೆ. ಇವುಗಳಿಗೆ ನೇರವಾಗಿ ಸ್ಪೀಕರನ್ನು ಜೋಡಿಸಲು ಬರುವುದಿಲ್ಲ. ನಳಿಕೆಗಳಿಗೆ ಸಾವಿರಾರು ಓಮ್‌ಗಳ ಹೊರೆ ಬೇಕಾಗುತ್ತದೆ, ಆದರೆ ಸ್ಪೀಕರಿನದು 4, 8 ಅಥವಾ 16 ಓಮ್ ಮಾತ್ರ. ಈ ವ್ಯತ್ಯಾಸವನ್ನು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೊಂದಿಸುತ್ತದೆ. ಆಂಪ್ಲಿಫೈಯರ್‌ನ ತೂಕ ಮತ್ತು ಬೆಲೆಗಳಲ್ಲಿ ಟ್ರಾನ್ಸ್‌ಫಾರ್ಮರುಗಳ ಪಾಲು ದೊಡ್ಡದು.

ನಾದದ ಲಕ್ಷಣ

ನಳಿಕೆಯು ತನ್ನ ಮಿತಿಯನ್ನು ಸಮೀಪಿಸಿದಂತೆ ಸಂಕೇತದ ಶಿಖರಗಳು ಕ್ರಮೇಣ ದುಂಡಾಗಿ ನಂತರ ಕತ್ತರಿಸಲ್ಪಡುತ್ತವೆ. ಇದರಿಂದ ಮೂಲ ಸ್ವರಕ್ಕೆ ಹೊಸ ಮೇಲ್ಸ್ವರಗಳು ಸೇರುತ್ತವೆ. ತಂತಿಯನ್ನು ಮೃದುವಾಗಿ ಮೀಟಿದಾಗ ಸ್ವಚ್ಛ ನಾದವೂ ಬಲವಾಗಿ ಮೀಟಿದಾಗ ಒರಟು ನಾದವೂ ಹೊಮ್ಮುತ್ತದೆ. ಬೆರಳಿನ ಒತ್ತಡಕ್ಕೆ ಹೀಗೆ ಸ್ಪಂದಿಸುವ ಗುಣವನ್ನೇ ವಾದಕರು ನಳಿಕೆ ಆಂಪ್ಲಿಫೈಯರ್‌ನ ಮುಖ್ಯ ಆಕರ್ಷಣೆಯೆಂದು ಪರಿಗಣಿಸುತ್ತಾರೆ. ಆದರೂ ನಾದವನ್ನು ನಳಿಕೆಗಳೊಂದೇ ನಿರ್ಧರಿಸುವುದಿಲ್ಲ. ಸ್ಪೀಕರ್, ಪೆಟ್ಟಿಗೆ ಮತ್ತು ಟ್ರಾನ್ಸ್‌ಫಾರ್ಮರುಗಳ ಪ್ರಭಾವವೂ ಗಣನೀಯವಾಗಿದೆ. 1975ರಲ್ಲಿ ಬಂದ ರೋಲ್ಯಾಂಡ್ ‘ಜೆಸಿ-120’ ಟ್ರಾನ್ಸಿಸ್ಟರ್ ಮಾದರಿಯಾಗಿದ್ದರೂ ಅದರ ಸ್ವಚ್ಛ ನಾದಕ್ಕೆ ಹೆಸರಾಗಿದೆ.

ವ್ಯಾಟ್ ಸಾಮರ್ಥ್ಯ ಮತ್ತು ಶಬ್ದದ ಮಟ್ಟ

ವ್ಯಾಟ್ ಸಂಖ್ಯೆ ದ್ವಿಗುಣವಾದರೆ ಶಬ್ದದ ಮಟ್ಟ 3 ಡೆಸಿಬೆಲ್ ಮಾತ್ರ ಏರುತ್ತದೆ. ಕಿವಿಗೆ ಶಬ್ದವು ಸುಮಾರು ಎರಡರಷ್ಟಾಗಿ ಕೇಳಿಸಬೇಕಾದರೆ ಹತ್ತು ಪಟ್ಟು ಸಾಮರ್ಥ್ಯ ಬೇಕು. ಆದ್ದರಿಂದ 50 ಮತ್ತು 100 ವ್ಯಾಟ್ ಆಂಪ್ಲಿಫೈಯರ್‌ಗಳ ನಡುವಿನ ಅಂತರ ಹೆಸರಿನಲ್ಲಿ ಕಾಣುವಷ್ಟು ದೊಡ್ಡದಲ್ಲ.

ಸಾಮಾನ್ಯ ಗಿಟಾರ್ ಸ್ಪೀಕರ್ ಒಂದೇ ವ್ಯಾಟ್ ಪಡೆದಾಗಲೂ ಒಂದು ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್‌ನಷ್ಟು ಶಬ್ದ ಉಂಟುಮಾಡಬಲ್ಲದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯಾಶ್ ಶಿಫಾರಸಿನಂತೆ 85 ಡೆಸಿಬೆಲ್ ಶಬ್ದಕ್ಕೆ ದಿನಕ್ಕೆ 8 ಗಂಟೆಗಳ ಮಿತಿಯಿದ್ದು, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ಅದರಂತೆ 100 ಡೆಸಿಬೆಲ್‌ಗೆ ದೊರೆಯುವುದು 15 ನಿಮಿಷ ಮಾತ್ರ. ದೊಡ್ಡ ಆಂಪ್ಲಿಫೈಯರ್‌ನ ಶಕ್ತಿನಳಿಕೆಗಳು ವಿರೂಪದ ಹಂತ ತಲುಪುವುದು ಹೆಚ್ಚಿನ ಶಬ್ದದಲ್ಲಿ. ಮನೆಯಲ್ಲಿ ನುಡಿಸುವವರಿಗೆ ಆ ನಾದ ಅಪರೂಪಕ್ಕೆ ದೊರೆಯುತ್ತದೆ. ಇದಕ್ಕೆ ಪರಿಹಾರವಾಗಿ ಕಡಿಮೆ ವ್ಯಾಟಿನ ಮಾದರಿ, ಮಾಸ್ಟರ್ ವಾಲ್ಯೂಮ್ ನಿಯಂತ್ರಣ, ಅಥವಾ ಶಕ್ತಿಯ ಬಹುಪಾಲನ್ನು ಶಾಖವಾಗಿ ಮಾರ್ಪಡಿಸುವ ಅಟೆನ್ಯುಯೇಟರ್ ಬಳಕೆಯಲ್ಲಿವೆ. ಆದರೆ ಒಂದು ವ್ಯಾಟಿನ ಆಂಪ್ಲಿಫೈಯರ್ ಕೂಡ ಸಣ್ಣ ಕೋಣೆಯಲ್ಲಿ ಕಿವಿಗೆ ಹಾನಿಕರವಾಗಬಲ್ಲದು.

ನಡುವಯಸ್ಸಿನ ನಂತರದ ಆಯ್ಕೆ

ವಯಸ್ಸಾದಂತೆ ಮೊದಲು ಕುಗ್ಗುವುದು ಹೆಚ್ಚಿನ ಆವರ್ತನದ ಸ್ವರಗಳ ಶ್ರವಣ. ಹೀಗಾಗಿ ವಾದಕರು ಟ್ರೆಬಲ್ ಮತ್ತು ಶಬ್ದವನ್ನು ತಮಗರಿವಿಲ್ಲದೆ ಹೆಚ್ಚಿಸಿಕೊಳ್ಳುವ ಸಾಧ್ಯತೆಯಿದೆ. ಶಬ್ದದಿಂದಾದ ಶ್ರವಣಹಾನಿ ಸಾಮಾನ್ಯವಾಗಿ ಶಾಶ್ವತವಾದುದರಿಂದ ಉಳಿದ ಶ್ರವಣಶಕ್ತಿಯ ರಕ್ಷಣೆಯೂ ಆಯ್ಕೆಯ ಭಾಗವಾಗುತ್ತದೆ.

ತೂಕ ಮತ್ತೊಂದು ಅಂಶ. ಫೆಂಡರ್ ಟ್ವಿನ್ ರಿವರ್ಬ್ ಸುಮಾರು 29 ಕಿಲೋಗ್ರಾಂ ಹಾಗೂ 22 ವ್ಯಾಟಿನ ಡಿಲಕ್ಸ್ ರಿವರ್ಬ್ ಸುಮಾರು 19 ಕಿಲೋಗ್ರಾಂ ತೂಗುತ್ತವೆ. 2019ರಲ್ಲಿ ಇದೇ ಕಂಪನಿಯು ಹೊರತಂದ ಟೋನ್ ಮಾಸ್ಟರ್ ಸರಣಿಯು ಈ ಮಾದರಿಗಳ ನಾದವನ್ನು ಡಿಜಿಟಲ್ ವಿಧಾನದಿಂದ ಅನುಕರಿಸುತ್ತದೆ. ಅದರ ತೂಕ ಮೂಲ ಮಾದರಿಗಳ ಸುಮಾರು ಅರ್ಧದಷ್ಟು.

ದುಬಾರಿ ಆಂಪ್ಲಿಫೈಯರ್‌ಗಳಲ್ಲಿ ಸಾಮಾನ್ಯವಾಗಿ ಕೈಯಿಂದ ಬೆಸೆದ ತಂತಿಜೋಡಣೆ, ಉತ್ತಮ ಟ್ರಾನ್ಸ್‌ಫಾರ್ಮರುಗಳು ಮತ್ತು ಗಟ್ಟಿಯಾದ ಪೆಟ್ಟಿಗೆ ಇರುತ್ತವೆ. ಕೈಜೋಡಣೆಯಿಂದ ದುರಸ್ತಿ ಸುಲಭವಾಗುತ್ತದೆ. ಆದರೆ ಅದರಿಂದಲೇ ನಾದ ಉತ್ತಮಗೊಳ್ಳುತ್ತದೆ ಎನ್ನಲಾಗದು, ಚೆನ್ನಾಗಿ ವಿನ್ಯಾಸಗೊಳಿಸಿದ ಮುದ್ರಿತ ಮಂಡಲವೂ ದೀರ್ಘಕಾಲ ಬಾಳುತ್ತದೆ. ಈಗಿರುವ ಆಂಪ್ಲಿಫೈಯರ್‌ನ ಸ್ಪೀಕರನ್ನು ಬದಲಿಸುವುದರಿಂದ ನಾದದಲ್ಲಿ ಗಮನಾರ್ಹ ವ್ಯತ್ಯಾಸ ಕಡಿಮೆ ಖರ್ಚಿನಲ್ಲಿ ದೊರೆಯಬಹುದು.

ಸುರಕ್ಷತೆ ಮತ್ತು ನಿರ್ವಹಣೆ

ನಳಿಕೆ ಆಂಪ್ಲಿಫೈಯರ್‌ನೊಳಗೆ ಸಾಮಾನ್ಯವಾಗಿ 250ರಿಂದ 500 ವೋಲ್ಟ್‌ಗಳಷ್ಟು ನೇರ ವಿದ್ಯುತ್ ಇರುತ್ತದೆ. ಇದು ಪ್ರಾಣಾಂತಿಕ. ಪ್ಲಗ್ ಕಿತ್ತ ನಂತರವೂ ಕೆಪಾಸಿಟರುಗಳಲ್ಲಿ ಆವೇಶ ಉಳಿದಿರಬಹುದು. ಆದ್ದರಿಂದ ಒಳಭಾಗದ ದುರಸ್ತಿಯನ್ನು ಅನುಭವಿ ತಂತ್ರಜ್ಞರಿಂದಲೇ ಮಾಡಿಸಬೇಕಾಗುತ್ತದೆ. ಭೂಸಂಪರ್ಕವಿಲ್ಲದ ಎರಡು ಪಿನ್ನಿನ ಹಳೆಯ ಆಂಪ್ಲಿಫೈಯರ್‌ಗಳಿಗೆ ಮೂರು ಪಿನ್ನಿನ ತಂತಿಯನ್ನು ಅಳವಡಿಸುವುದು ಅಗತ್ಯ.

ಸ್ಪೀಕರ್ ಅಥವಾ ತತ್ಸಮಾನ ಹೊರೆಯನ್ನು ಜೋಡಿಸದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುವ ಅಪಾಯವಿದೆ. ನಳಿಕೆಗಳು ಕಾಲಕ್ರಮೇಣ ಸವೆಯುತ್ತವೆ. ಸ್ಥಿರ ಬಯಾಸ್ ಇರುವ ಮಾದರಿಗಳಲ್ಲಿ ಹೊಸ ಶಕ್ತಿನಳಿಕೆಗಳನ್ನು ಹಾಕಿದಾಗ ಬಯಾಸ್ ಪರೀಕ್ಷಿಸಿ ಹೊಂದಿಸಬೇಕು. ನಳಿಕೆಗಳ ತಯಾರಿಕೆ ಇಂದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾಗಳಲ್ಲಿ ನಡೆಯುತ್ತಿದೆ. 2022ರ ಮಾರ್ಚ್‌ನಲ್ಲಿ ರಷ್ಯಾದ ರಫ್ತು ನಿರ್ಬಂಧದಿಂದ ನಳಿಕೆಗಳ ಪೂರೈಕೆಗೆ ತಾತ್ಕಾಲಿಕ ಅಡಚಣೆಯಾಯಿತು.

ಭಾರತದಲ್ಲಿ

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ 1961ರಲ್ಲಿ ರೇಡಿಯೊ ಗ್ರಾಹಕಗಳಲ್ಲಿ ಬಳಸುವ ವಾಲ್ವ್‌ಗಳ ತಯಾರಿಕೆಯನ್ನು ಆರಂಭಿಸಿತು. ಭಾರತದ ಗೃಹಬಳಕೆಯ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್‌ನದು. ಅಮೆರಿಕದಲ್ಲಿ ಅದು 120 ವೋಲ್ಟ್, 60 ಹರ್ಟ್ಸ್. ಅಮೆರಿಕದಿಂದ ತಂದ ಆಂಪ್ಲಿಫೈಯರ್ ಅನ್ನು ಇಲ್ಲಿನ ವಿದ್ಯುತ್ತಿಗೆ ನೇರವಾಗಿ ಜೋಡಿಸಿದರೆ ಅದು ಹಾಳಾಗುತ್ತದೆ. ವೋಲ್ಟೇಜ್ ಆಯ್ಕೆಯ ಸೌಲಭ್ಯವಿಲ್ಲದಿದ್ದರೆ ಸಾಕಷ್ಟು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಆವರ್ತನವನ್ನು ಬದಲಿಸುವುದಿಲ್ಲ. ಆದ್ದರಿಂದ 60 ಹರ್ಟ್ಸ್‌ಗೆ ಮಾತ್ರ ವಿನ್ಯಾಸಗೊಂಡ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುವ ಸಾಧ್ಯತೆ ಉಳಿಯುತ್ತದೆ. ಖರೀದಿಗೆ ಮೊದಲು ಸಾಧನದ ಹಿಂಬದಿಯ ಫಲಕದಲ್ಲಿ ನಮೂದಿಸಿದ ವೋಲ್ಟೇಜ್ ಮತ್ತು ಆವರ್ತನಗಳನ್ನು ಪರಿಶೀಲಿಸುವುದು ಸೂಕ್ತ.