ಹಿಂಬದಿ ಗಾಜಿನ ತುಕ್ಕು ಮತ್ತು ಟಿಂಕರ್ ಮಾಸ್ಟ್ರು

ಕುಂದಾಪುರ ಕಡೆಯ ಟ್ಯಾಕ್ಸಿ ಮಾಲೀಕರು ಹಳೆಯ ಅಂಬಾಸಿಡರ್ ಕೊಳ್ಳಲು ಹೋದರೆ ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಕಾರಿನ ಹಿಂದಕ್ಕೆ ಹೋಗಿ, ಗಾಜಿನ ಕೆಳಅಂಚಿನ ರಬ್ಬರ್ ಬೀಡಿಂಗನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಒಳಗೆ ಕರ್ರೆಂದು ಸದ್ದಾದರೆ ಬೆಲೆ ಇಳಿಯಿತೆಂದೇ ಲೆಕ್ಕ. ಬಾಡಿಗೆ ಕಾರು ಓಡಿಸುತ್ತಿದ್ದ ನನ್ನ ತಂದೆಯೂ ಹಾಗೇ ನೋಡುತ್ತಿದ್ದರು. ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಪ್ರತಿ ಪೇಟೆಯಲ್ಲೂ ಸಿಗುತ್ತಿದ್ದ. ಆ ಅಂಚನ್ನು ಸರಿಮಾಡುವ ಟಿಂಕರ್ ಸಿಗುವುದೇ ಕಷ್ಟವಾಗಿತ್ತು.

ತುಕ್ಕು ಅಲ್ಲೇ ಹಿಡಿಯಲು ಕಾರಣವಿದೆ. ಆ ಕಾಲದ ಕಾರುಗಳಲ್ಲಿ ಗಾಜನ್ನು ಹಿಡಿದಿಡುತ್ತಿದ್ದುದು ರಬ್ಬರ್ ಪಟ್ಟಿ. ಅದರ ಒಂದು ಸೀಳು ಗಾಜನ್ನು, ಇನ್ನೊಂದು ಬಾಡಿಯ ತಗಡಿನ ಅಂಚನ್ನು ಕಚ್ಚಿಕೊಂಡಿರುತ್ತದೆ. ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಬಿರಿದರೆ ಮಳೆನೀರು ಒಳಗಿಳಿದು ಕೆಳಗೆ ನಿಲ್ಲುತ್ತದೆ. ಆ ಅಂಚಿನಲ್ಲಿ ಎರಡು ಮೂರು ತಗಡುಗಳನ್ನು ಒಂದರ ಮೇಲೊಂದು ಇಟ್ಟು ಸ್ಪಾಟ್ ವೆಲ್ಡಿಂಗ್ ಮಾಡಿರುತ್ತಾರೆ. ಅವುಗಳ ನಡುವಿನ ಸಂದಿಗೆ ಬಣ್ಣ ತಲುಪುವುದಿಲ್ಲ, ನೀರು ಮಾತ್ರ ತಲುಪುತ್ತದೆ. ಕಬ್ಬಿಣ ತುಕ್ಕಾದಾಗ ಉಬ್ಬುತ್ತದೆ, ತಗಡುಗಳನ್ನು ಬೇರ್ಪಡಿಸುತ್ತದೆ. ಹೊರಗೆ ಬಣ್ಣದಲ್ಲಿ ಗುಳ್ಳೆ ಕಾಣುವಷ್ಟರಲ್ಲಿ ಒಳಗಿನದು ಮುಗಿದಿರುತ್ತದೆ. ಹಿಂಬದಿ ಸೀಟಿನ ಹಲಗೆ ನೆನೆದು ಮುಗ್ಗಲು ವಾಸನೆ, ಡಿಕ್ಕಿಯಲ್ಲಿ ಸ್ಟೆಪ್ನಿಯ ಕೆಳಗೆ ನೀರು. ನಾಲ್ಕು ತಿಂಗಳ ಮಳೆಯ ಮೇಲೆ ಕಡಲ ಉಪ್ಪುಗಾಳಿಯೂ ಸೇರಿದ ನಮ್ಮೂರಲ್ಲಿ ಇದು ಬೇಗ ಆಗುತ್ತಿತ್ತು.

ಹಾಗಾದರೆ ಮಾರಿ ಹೊಸದು ಕೊಳ್ಳಬಹುದಿತ್ತಲ್ಲ ಎಂದು ಈಗಿನವರು ಕೇಳಬಹುದು. ಕೊಳ್ಳುವುದೆಲ್ಲಿಂದ? ಇಲ್ಲೇ ತಯಾರಿಸುವವರಿಗೆ ಮಾತ್ರ ಅವಕಾಶ ಎಂಬ ಸರ್ಕಾರದ ನೀತಿಯಿಂದ ಫೋರ್ಡ್ ಮತ್ತು ಜನರಲ್ ಮೋಟರ್ಸ್ 1950ರ ದಶಕದ ಮಧ್ಯದ ಹೊತ್ತಿಗೆ ಇಲ್ಲಿನ ಜೋಡಣಾ ಕಾರ್ಖಾನೆಗಳನ್ನು ಮುಚ್ಚಿ ಹೊರಟುಹೋಗಿದ್ದವು. ಉಳಿದದ್ದು ಬೆರಳೆಣಿಕೆಯ ಕಂಪನಿಗಳು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಿಡರ್ ಬಂಗಾಳದ ಉತ್ತರಪಾರಾದಿಂದ, ಫಿಯೆಟ್ ಮುಂಬೈಯ ಕುರ್ಲಾದಿಂದ, ಸ್ಟ್ಯಾಂಡರ್ಡ್ ಹೆರಾಲ್ಡ್ ಮದ್ರಾಸಿನಿಂದ ಬರುತ್ತಿದ್ದವು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಆದ್ದರಿಂದ ಇದ್ದ ಕಾರನ್ನು ಬದುಕಿಸಿಕೊಳ್ಳುವುದು ಅನಿವಾರ್ಯ. ಟಿಂಕರಿಂಗ್ ಎಂಬ ಕಸುಬನ್ನು ಬೆಳೆಸಿದ್ದು ಈ ಕೊರತೆಯೇ ಎಂದು ನಾನು ನಂಬಿದ್ದೇನೆ. ನಮ್ಮೂರಿನ ಟಿಂಕರ್ ಮಾಸ್ಟ್ರು ಕತ್ತಿ, ಗುದ್ದಲಿ ಹದಮಾಡುವ ಆಚಾರಿಗಳ ಮನೆಯಿಂದ ಬಂದವರು. ಯಾವ ಐಟಿಐಗೂ ಹೋದವರಲ್ಲ.

ಅವರ ಕೆಲಸವನ್ನು ಎಷ್ಟು ನೋಡಿದರೂ ನನಗೆ ಸಾಕಾಗುತ್ತಿರಲಿಲ್ಲ. ಮೊದಲು ಬೀಡಿಂಗ್ ಸಡಿಲಿಸಿ, ಒಳಗಿನಿಂದ ಅಂಗೈಯಲ್ಲಿ ಒತ್ತಿ ಗಾಜು ತೆಗೆದು ಗೋಣಿಯ ಮೇಲೆ ಮಲಗಿಸುವುದು. ಆಮೇಲೆ ಉಳಿಯಿಂದ ತುಕ್ಕು ಕಡಿಯುವುದು. ಬೆಳ್ಳಗೆ ಹೊಳೆಯುವ ಲೋಹ ಸಿಗುವವರೆಗೂ ಕೈ ನಿಲ್ಲಿಸುತ್ತಿರಲಿಲ್ಲ. ಮಾಲೀಕ ಎಷ್ಟೇ ಗೋಗರೆದರೂ ಅರ್ಧ ತುಕ್ಕು ಒಳಗೆ ಬಿಟ್ಟು ಮುಚ್ಚುವವರಲ್ಲ. ರಟ್ಟಿನಲ್ಲಿ ಅಳತೆ ತೆಗೆದು, ಅಷ್ಟೇ ದಪ್ಪದ ತಗಡು ಕತ್ತರಿಸಿ, ಡಾಲಿ ಎಂಬ ಕಬ್ಬಿಣದ ಗಟ್ಟಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಬಾಗಿಸುತ್ತಿದ್ದರು.

ವೆಲ್ಡಿಂಗೇ ನಿಜವಾದ ಪರೀಕ್ಷೆ. ಡ್ರಮ್ಮಿನಲ್ಲಿ ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟರೆ ಬೆಳ್ಳುಳ್ಳಿಯಂಥ ವಾಸನೆಯ ಅಸಿಟಿಲೀನ್ ಹುಟ್ಟುತ್ತದೆ. ಅದಕ್ಕೆ ಆಕ್ಸಿಜನ್ ಸೇರಿಸಿ ಹೊತ್ತಿಸಿದ ಜ್ವಾಲೆ ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡನ್ನು ಹಪ್ಪಳದಂತೆ ಸುರುಟಿಸಿಬಿಡಬಲ್ಲದು. ಅದಕ್ಕೇ ಅವರು ಇಲ್ಲೊಂದು ಚುಕ್ಕೆ ಬೆಸೆದು, ಅದು ಆರುವಷ್ಟರಲ್ಲಿ ಆ ತುದಿಯಲ್ಲಿ ಇನ್ನೊಂದು ಬೆಸೆದು, ನಡುನಡುವೆ ಒದ್ದೆ ಬಟ್ಟೆ ಒತ್ತುತ್ತಿದ್ದರು. ಬಿಸಿ ತಾಳದ ಕಡೆ ಹಿತ್ತಾಳೆ ಕಡ್ಡಿ ಮತ್ತು ಬಿಳಿಗಾರದ ಬೆಸುಗೆ. ತಗ್ಗು ತುಂಬಲು ಸೀಸ. ಬರಿಗೈಯಲ್ಲಿ ಆ ಸೀಸವನ್ನು ಉಜ್ಜಿ ಅದರ ಧೂಳನ್ನು ಉಸಿರಾಡಿದ ಆ ಮಂದಿಗೆ ಮುಖಕ್ಕೊಂದು ಮಾಸ್ಕನ್ನೂ ಯಾರೂ ಕೊಡಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಬೆಸೆದ ಜಾಗಕ್ಕೆ ಬಳಿದ ರೆಡ್ ಆಕ್ಸೈಡ್ ಪ್ರೈಮರ್ ಒಣಗಿದ ಮೇಲೆ ಗಾಜು ಕೂರಿಸುವುದು. ಬೀಡಿಂಗನ್ನು ಗಾಜಿಗೆ ತೊಡಿಸಿ, ಹೊರಸೀಳಿನಲ್ಲಿ ಸುತ್ತಲೂ ಹುರಿ ಇಟ್ಟು, ಸೋಪುನೀರು ಸವರಿ, ಒಬ್ಬರು ಹೊರಗಿನಿಂದ ಗಾಜು ಒತ್ತಿದರೆ ಇನ್ನೊಬ್ಬರು ಒಳಗಿನಿಂದ ಹುರಿ ಎಳೆಯುವರು. ರಬ್ಬರಿನ ತುಟಿ ಅಂಚಿನ ಮೇಲೆ ಸಾಲಾಗಿ ಹತ್ತಿಕೊಳ್ಳುತ್ತದೆ. ಅಂಚು ಸ್ವಲ್ಪ ಸೊಟ್ಟಗಿದ್ದರೂ ಗಾಜು ಪುಡಿಪುಡಿ. ಕೊನೆಗೆ ಕೊಡಪಾನದಿಂದ ನೀರು ಸುರಿದು, ಡಿಕ್ಕಿಯೊಳಗೆ ಕೈಯಾಡಿಸಿ ನೋಡಿದ ಮೇಲೆಯೇ ಮಾಸ್ಟ್ರು ಕೂಲಿ ಮುಟ್ಟುತ್ತಿದ್ದರು.

1983ರ ಕೊನೆಗೆ ಮಾರುತಿ 800 ಬಂತು, ಕಾಯುವ ಕಾಲ ಮೆಲ್ಲಮೆಲ್ಲನೆ ಮುಗಿಯಿತು. ಈಗಿನ ಬಾಡಿಗಳನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುವುದರಿಂದ ಸಂದಿಗೊಂದಿಗೂ ಲೇಪ ಹಿಡಿಯುತ್ತದೆ. ಗಾಜನ್ನು ಅಂಟಿನಿಂದಲೇ ಕೂರಿಸುತ್ತಾರೆ. 2014ರ ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಗ್ಯಾರೇಜುಗಳಲ್ಲಿ ಇಂದು ತಗಡು ಕೆಟ್ಟರೆ ಹೊಸ ಪ್ಯಾನೆಲ್ ತರಿಸುತ್ತಾರೆ, ಸಿಗದಿದ್ದರೆ ತುಕ್ಕಿನ ಮೇಲೆ ಪುಟ್ಟಿ ಮೆತ್ತುತ್ತಾರೆ. ಪುಟ್ಟಿಯ ಹಿಂದೆ ತುಕ್ಕು ಸದ್ದಿಲ್ಲದೆ ತಿನ್ನುತ್ತಲೇ ಇರುತ್ತದೆ. ಅದು ದುರಸ್ತಿಯಲ್ಲ, ಮೋಸ.

ಮನೆಯ ಹಿಂದೆ ಟಾರ್ಪಾಲಿನಡಿ ಅಂಬಾಸಿಡರೋ ಫಿಯೆಟ್ಟೋ ಇಟ್ಟುಕೊಂಡವರಿಗೆ ನನ್ನದೊಂದು ಬೇಡಿಕೆ. ಮಳೆ ಹಿಡಿಯುವ ಮೊದಲು ಹಿಂಬದಿ ಗಾಜು ಬಿಚ್ಚಿಸಿ ನೋಡಿ. ಗ್ಯಾಸ್ ವೆಲ್ಡಿಂಗ್ ಬಲ್ಲ ಹಿರಿಯ ಟಿಂಕರ್ ಹತ್ತಿರದಲ್ಲಿದ್ದರೆ ಕೆಲಸವನ್ನು ಅವರಿಗೇ ಕೊಡಿ, ಕೇಳಿದ ಕೂಲಿ ಕೊಡಿ, ಕಲಿಯುವ ಮನಸ್ಸಿನ ಹುಡುಗನೊಬ್ಬನನ್ನು ಅವರ ಪಕ್ಕ ನಿಲ್ಲಿಸಿ.