ಬೀರುವಿನಲ್ಲಿದ್ದ ಗಣಿತದ ಪೆಟ್ಟಿಗೆ

ಸಿದ್ದಾಪುರ ಕಡೆಯ ನಮ್ಮ ಶಾಲೆಯಲ್ಲಿ ಮಾಸ್ತರ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಬೀರು ಇತ್ತು. ಅದರೊಳಗೆ ಬಣ್ಣದ ಮರದ ತುಂಡುಗಳ ಪೆಟ್ಟಿಗೆ. ಇನ್‌ಸ್ಪೆಕ್ಟರು ಬಂದ ದಿನ ಅದು ಮೇಜಿನ ಮೇಲೆ ಬರುತ್ತಿತ್ತು. ಅವರ ಜೀಪು ತಿರುವು ದಾಟಿದರೆ ಮತ್ತೆ ಒಳಗೆ. ಒಂದು ತುಂಡು ಕಳೆದರೂ ತಾವೇ ದುಡ್ಡು ಕಟ್ಟಬೇಕಾದೀತು ಎಂಬ ಹೆದರಿಕೆ ಮಾಸ್ತರಿಗೆ. ನಾಲ್ಕನೇ ತರಗತಿ ಮುಗಿದರೂ ನಾನದನ್ನು ಮುಟ್ಟಿರಲಿಲ್ಲ.

ಇಂಥ ಪೆಟ್ಟಿಗೆಗಳು ಹಳ್ಳಿ ಶಾಲೆಗಳಿಗೆ ಬಂದದ್ದು 1987ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆಯಲ್ಲಿ. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಜೊತೆಗೆ ಗಣಿತದ ಕಿಟ್ಟು, ಆಟದ ಸಾಮಾನು ಎಂಬುದು ಲೆಕ್ಕಾಚಾರ. ಸಾಮಾನು ಬಂತು. ಮಕ್ಕಳ ಕೈಗೆ ಕೊಡುವುದು ಹೇಗೆಂಬ ತರಬೇತಿ ಅಷ್ಟಾಗಿ ಬರಲಿಲ್ಲ.

ಯೋಚನೆ ಮಾತ್ರ ಬಹಳ ಹಳೆಯದು. ಜರ್ಮನಿಯ ಫ್ರೋಬೆಲ್ 1837ರಲ್ಲೇ ಚಿಕ್ಕ ಮಕ್ಕಳಿಗೆ ಮರದ ಘನಗಳನ್ನು ಕೊಟ್ಟು ಕಟ್ಟಿಸುತ್ತಿದ್ದ. ಅವನದೊಂದು ಪೆಟ್ಟಿಗೆಯಲ್ಲಿ ಎಂಟು ಸಣ್ಣ ಘನಗಳು ಸೇರಿ ಒಂದು ದೊಡ್ಡ ಘನ. ನಾಲ್ಕು ತೆಗೆದರೆ ಅರ್ಧ, ಎರಡು ಕಾಲು, ಒಂದು ಅರೆಕಾಲು. ನಮ್ಮ ಕೂಲಿಮಠಗಳಲ್ಲಿ ಇದೇ ಕಾಲು, ಅರೆ, ಮುಕ್ಕಾಲಿನ ಮಗ್ಗಿಯನ್ನು ರಾಗವಾಗಿ ಹೇಳಿಸುತ್ತಿದ್ದರು. ಆ ಮಗ್ಗಿಯನ್ನು ನಾನು ಹಳಿಯುವುದಿಲ್ಲ, ಅಡಿಕೆ ವಖಾರಿಯಲ್ಲಿ ಬಾಯಿಲೆಕ್ಕ ಹೇಳುವ ಅಜ್ಜಂದಿರನ್ನು ನೋಡಿದ್ದೇನೆ. ಆದರೆ ಮಗ್ಗಿ ಬಾಯಿಗೆ ಹತ್ತದ ಹುಡುಗನಿಗೆ ಅಲ್ಲಿ ಇನ್ನೊಂದು ದಾರಿ ಇರಲಿಲ್ಲ.

ದಾರಿ ತುಸು ತೆರೆದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಯುನಿಸೆಫ್ ನೆರವಿನಿಂದ ಅಲ್ಲಿ ಶುರುವಾದ 'ನಲಿಕಲಿ' ಮಕ್ಕಳನ್ನು ನೆಲದ ಮೇಲೆ ಗುಂಪಾಗಿ ಕೂರಿಸಿ, ಕಾರ್ಡು, ಸಾಮಾನುಗಳನ್ನು ಅವರ ಕೈಗೇ ಕೊಟ್ಟಿತು. ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ನಡೆಸಿದ 'ಗಣಿತ ಕಲಿಕಾ ಆಂದೋಲನ'ದ ಕಿಟ್ಟು ಬಂದದ್ದು 4, 5ನೇ ತರಗತಿಗೆ.

ಅಂಥ ಕಿಟ್ಟಿನ ಬಿಡಿ, ಹತ್ತರ ತುಂಡುಗಳಿಂದ 27ಕ್ಕೆ 15 ಕೂಡಿಸಿ ನೋಡಿ. ಏಳು ಬಿಡಿ, ಐದು ಬಿಡಿ ಸೇರಿ ಹನ್ನೆರಡು. ಅದರಲ್ಲಿ ಹತ್ತನ್ನು ಕೊಟ್ಟು ಒಂದು ಉದ್ದ ಕೋಲು ತೆಗೆದುಕೊಳ್ಳಬೇಕು. 'ದಶಕ ಒಂದು' ಅಂದರೆ ಅದೇ. ನನಗೆ ಇದು ಗೊತ್ತಾದದ್ದು ಡಿಪ್ಲೊಮಾ ಮುಗಿಸಿ ವರದಿಗೆ ಹೋದಾಗ, ಯಲ್ಲಾಪುರ ಕಡೆಯ ಹುಡುಗಿಯೊಬ್ಬಳು ನೆಲದ ಮೇಲೆ ಮಾಡಿ ತೋರಿಸಿದ ಮೇಲೆ!

ನಮ್ಮ ಮೂರೂ ತಾಲೂಕುಗಳ ಘಟ್ಟದ ಶಾಲೆಗಳಲ್ಲಿ ಎಷ್ಟೋ ಕಡೆ ತರಗತಿಗೆ ನಾಲ್ಕೈದೇ ಮಕ್ಕಳು. ಒಂದು ಪೆಟ್ಟಿಗೆ ಎಲ್ಲರಿಗೂ ಸಾಕು. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಅಕ್ಕೋರ ಹತ್ತಿರ ಒಂದು ಮಾತು ಕೇಳಿ: ಬೀರುವಿನ ಕೀಲಿ ಎಲ್ಲಿದೆ? ತುಂಡು ಕಳೆದರೆ ನಾವೇ ಮರದ್ದು ಮಾಡಿಸಿಕೊಡುತ್ತೇವೆ ಅಂತಲೂ ಹೇಳಿ.