ಪ್ರಾಸವಿಲ್ಲದ ರಗಳೆ

ನಮ್ಮ ಸಾಹಿತ್ಯ ಪರಂಪರೆಯ ಅರ್ಧ ಪಾಲು ಯಾವತ್ತೋ ಅಡುಗೆಮನೆಗೆ ಬಂದು ಸೇರಿಕೊಂಡಿದೆ. ಅತ್ತೆ-ಸೊಸೆಯರ ನಡುವೆ ಮಾತಿಗೆ ಮಾತು ಬೆಳೆದರೆ ‘ದೊಡ್ಡ ರಾಮಾಯಣವೇ ಆಗಿಹೋಯ್ತು’. ಪಕ್ಕದ ಮನೆಯಾಕೆ ಗೇಟು ಹಿಡಿದು ನಿಂತು ಹೇಳಿದ್ದು ‘ಪುರಾಣ’. ತಡವಾಗಿ ಬಂದ ಮಗ ಕೊಡುವ ಕಾರಣ ‘ಹರಿಕಥೆ’, ಅದಕ್ಕೆ ಅಪ್ಪ ಮಾಡುವುದು ‘ಮಂಗಳಾರತಿ’. ಅದೇ ಬೈಗುಳ ಬೆಳಿಗ್ಗೆ ಎದ್ದ ಕೂಡಲೇ ಶುರುವಾದರೆ ‘ಸುಪ್ರಭಾತ’. ಚಂಪೂ ಯಾಕೋ ಒಳಗೆ ಬರಲೇ ಇಲ್ಲ. ಷಟ್ಪದಿಯೂ ಹೊಸ್ತಿಲಲ್ಲೇ ನಿಂತಿತು. ಆರು ಸಾಲಿಗೆ ಮುಗಿಯುವ ಜಗಳ ಯಾರ ಮನೆಯಲ್ಲಿದೆ? ಛಂದಸ್ಸಿನ ಪೈಕಿ ನಡುಮನೆ ದಾಟಿ ಒಲೆಯ ಪಕ್ಕಕ್ಕೇ ಬಂದು ಕೂತದ್ದು ರಗಳೆ ಒಂದೇ.

ಕಷ್ಟ ಬೇರೆ, ರಗಳೆ ಬೇರೆ. ಕಷ್ಟವೆಂದರೆ ನೆಂಟರು ಬರುತ್ತಾರೆ, ಫೋನ್ ಮಾಡುತ್ತಾರೆ, ಹರಕೆ ಹೊತ್ತುಕೊಳ್ಳುತ್ತಾರೆ. ರಗಳೆಗೆ ಯಾರೂ ಬರುವುದಿಲ್ಲ. ಕುಕ್ಕರ್ ಕೂಗದೇ ಇರುವುದನ್ನು ನೋಡಿ. ಅಕ್ಕಿ-ಬೇಳೆ ಇಟ್ಟು ಹತ್ತು ನಿಮಿಷ ಕಳೆದಿದೆ. ಮುಚ್ಚಳದ ಅಂಚಿನಿಂದ ಬುಸ್ಸೆಂದು ಆವಿ, ಅದರ ಹಿಂದೆಯೇ ಬೇಳೆಯ ಹಳದಿ ನೊರೆ. ಅದು ಇಳಿದು ಬರ್ನರಿನ ತೂತು ಕಟ್ಟಿ ಉರಿ ಕೆಂಪಗಾಗುತ್ತದೆ. ಇಳಿಸಿ, ಮುಚ್ಚಳ ತೆಗೆದು, ಗ್ಯಾಸ್ಕೆಟ್ ಕಿತ್ತು ತಣ್ಣೀರಿಗೆ ಹಾಕಬೇಕು. ಕೆಲವರು ಸ್ವಲ್ಪ ಹೊತ್ತು ಫ್ರೀಜರಿನಲ್ಲಿಡುತ್ತಾರೆ, ರಬ್ಬರು ಒಂಚೂರು ಬಿಗಿಯಾಗುತ್ತದೆ. ಮತ್ತೆ ಕೂರಿಸಿ ಒತ್ತಿ ತಿರುಗಿಸಿದರೆ ಅವತ್ತಿನ ಸಾರು ಪಾರು. ಮಾರನೇ ದಿನ ಮತ್ತೆ ಅದೇ ಬುಸ್ಸು. ಹೊಸದು ತರೋಣವೆಂದು ಹೋದರೆ ಅಂಗಡಿಯವನ ಪ್ರಶ್ನೆ: ‘ಮೂರು ಲೀಟರಿಂದಾ, ಐದರದ್ದಾ? ಮುಚ್ಚಳ ಒಳಗಡೆ ಕೂರತ್ತಾ, ಮೇಲ್ಗಡೆಯಾ? ಹಳೇದು ತಂದಿದ್ರೆ ಕೊಡ್ಬೋದಿತ್ತು ನೋಡಿ.’ ಹಳೆಯದು ಕುಕ್ಕರಿನ ಬಾಯಲ್ಲಿದೆ, ಕುಕ್ಕರ್ ಒಲೆಯ ಮೇಲಿದೆ. ಇದನ್ನು ಯಾರಿಗೆ ಹೇಳಿಕೊಂಡರೂ ನಗುತ್ತಾರೆ. ಹೇಳಿಕೊಳ್ಳದಿದ್ದರೆ ಎದೆಯೊಳಗೆ ಇನ್ನೊಂದು ಕುಕ್ಕರ್.

ಇಂಥವಕ್ಕೆ ಕನ್ನಡದಲ್ಲಿ ಹೆಸರು ಬೇಕಾದಷ್ಟಿವೆ, ಊರೂರಿಗೆ ಒಂದೊಂದು. ಧಾರವಾಡದ ಕಡೆ ‘ತ್ರಾಸು’, ಮಂಗಳೂರಿನ ಕಡೆ ‘ಉಪದ್ರ’. ಉಪದ್ರವ ಎಂಬ ಭಾರೀ ಸಂಸ್ಕೃತ ಶಬ್ದ ಒಂದಕ್ಷರ ಕಳೆದುಕೊಂಡು ಸೊಳ್ಳೆಯ ಗಾತ್ರಕ್ಕೆ ಇಳಿದದ್ದು ಅಲ್ಲಿ. ‘ತಾಪತ್ರಯ’ದ ಪತನ ಇನ್ನೂ ದೊಡ್ಡದು. ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂದು ಜೀವನನ್ನು ಸುಡುವ ಮೂರು ಬೇಗೆಗಳನ್ನು ಹೊತ್ತಿದ್ದ ಮಾತದು. ಸಾಂಖ್ಯಕಾರಿಕೆ ಶುರುವಾಗುವುದೇ ಆ ಮೂರು ದುಃಖಗಳಿಂದ. ಶಾಂತಿಮಂತ್ರದ ಕೊನೆಗೆ ಮೂರು ಸಲ ಶಾಂತಿ ಹೇಳುವುದೂ ಅವಕ್ಕೇ ಎನ್ನುತ್ತಾರೆ. ಈಗ ಆ ಪದಕ್ಕೆ ಉಳಿದಿರುವುದು ತಿಂಗಳ ಕೊನೆಯ ವಾರ ಮಾತ್ರ: ‘ದುಡ್ಡಿನ ತಾಪತ್ರಯ ಕಣಪ್ಪ.’ ಮೂರು ಶಾಂತಿಗೂ ಬಗ್ಗದ ನಾಲ್ಕನೆಯ ತಾಪ ಅದೇ ಇರಬೇಕು.

ಇವುಗಳ ನಡುವೆ ರಗಳೆಗೆ ನನ್ನ ಮನಸ್ಸು ವಾಲುವುದಕ್ಕೆ ಅದರ ಪೂರ್ವಾಶ್ರಮ ಕಾರಣ. ಪಂಪನ ಕಾಲಕ್ಕಾಗಲೇ ಚಂಪೂವಿನ ನಡುವೆ ಅಲ್ಲಲ್ಲಿ ಸುಳಿಯುತ್ತಿದ್ದ ಈ ಮಟ್ಟನ್ನು ಎತ್ತಿ ಪೀಠದ ಮೇಲೆ ಕೂರಿಸಿದವನು ಹರಿಹರ. ದೋರಸಮುದ್ರದ ಅರಮನೆಯಲ್ಲಿ ಕರಣಿಕನಾಗಿದ್ದ, ಲೆಕ್ಕ ಬರೆಯುವ ಕೆಲಸ ಬಿಟ್ಟು ಹಂಪೆಗೆ ಬಂದು ವಿರೂಪಾಕ್ಷನ ಮುಂದೆ ಕೂತ ಎಂಬುದು ಪ್ರತೀತಿ. ಶರಣರ ಕಥೆಗಳನ್ನೆಲ್ಲ ರಗಳೆಯಲ್ಲೇ ಹೇಳಿದ. ಭಾಲ್ಕಿಯ ಕುಂಬಾರ ಗುಂಡಯ್ಯ ತಾನು ಮಾಡಿದ ಮಡಕೆಯನ್ನೇ ಬಾರಿಸುತ್ತ ಕೂತರೆ ಶಿವ ಕೈಲಾಸ ಬಿಟ್ಟಿಳಿದು ಬಂದು ಕುಣಿಯುವ ಕಥೆ ಬರುವುದು ಅಲ್ಲೇ. ಪಂಡಿತರಿಗೆ ಇದು ರುಚಿಸಲಿಲ್ಲ. ‘ಇವನು ಬರೀ ರಗಳೆಯ ಕವಿ’ ಎಂದು ಆಡಿಕೊಂಡರಂತೆ. ಆ ಬಾಯಿ ಮುಚ್ಚಿಸಲೆಂದೇ ಗಿರಿಜಾಕಲ್ಯಾಣವನ್ನು ಚಂಪೂವಿನಲ್ಲಿ ಬರೆದು ತೋರಿಸಿದನಂತೆ. ಅಂದರೆ ಎಂಟು ಶತಮಾನಗಳ ಹಿಂದೆಯೇ ರಗಳೆ ಎನ್ನುವಾಗ ಮೂಗು ಮುರಿಯುವ ರೂಢಿ ಇತ್ತು.

ಛಂದಸ್ಸಿನ ರಗಳೆಯೇ ಮನೆಯ ರಗಳೆಯಾಯಿತು ಎಂದು ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಲಾರೆ. ತೆಲುಗಿನಲ್ಲೂ ‘ರಗಡ’ ಒಂದು ಪದ್ಯಜಾತಿ, ಪೇಪರಿನವರ ಕೈಗೆ ಸಿಕ್ಕರೆ ಅದೇ ಗಲಾಟೆ. ಉತ್ತರ ಕರ್ನಾಟಕದಲ್ಲಿ ‘ರಗಡ ಆತು’ ಎಂದರೆ ಬೇಕಾದಷ್ಟಾಯಿತು, ಸಾಕುಸಾಕಾಯಿತು. ಮೂವರೂ ಒಂದೇ ತಾಯಿಯ ಮಕ್ಕಳೋ ಏನೋ, ಮುಖ ಮಾತ್ರ ಹೋಲುತ್ತದೆ. ಲಕ್ಷಣವಂತೂ ಹೊಂದುತ್ತದೆ. ರಗಳೆಗೆ ಇಷ್ಟೇ ಸಾಲು ಎಂಬ ನಿಯಮವಿಲ್ಲ. ಎರಡೆರಡು ಸಾಲು ಜೋಡಿಯಾಗಿ ಬರುತ್ತವೆ, ಆದಿಯಲ್ಲೂ ಪ್ರಾಸ, ಅಂತ್ಯದಲ್ಲೂ ಪ್ರಾಸ. ಕವಿಗೆ ಉಸಿರಿರುವ ತನಕ ಸಾಗಬಹುದು. ಸಂಪಿಗೆ ನೀರು ಬಂದಿಲ್ಲ, ನೀರು ಬಂದರೆ ಕರೆಂಟಿಲ್ಲ, ಕರೆಂಟು ಬಂದರೆ ಮೋಟರಿನಲ್ಲಿ ಗಾಳಿ ಸೇರಿಕೊಂಡಿದೆ. ಇದರ ಕೊನೆಯ ಸಾಲು ಬರೆಯಲು ಯಾವ ಕವಿಗೂ ಆಗದು.

ವ್ಯಾಕರಣದಲ್ಲಿ ಮಾತ್ರ ಈ ಪದ ಸ್ವಲ್ಪ ಕಪಟಿ. ರಗಳೆ ‘ಆಗುತ್ತದೆ’, ರಗಳೆ ‘ಮಾಡುತ್ತಾರೆ’. ಮಿಕ್ಸಿ ಜಾರಿನ ತಳದ ರಬ್ಬರು ಸವೆದು ಚಟ್ನಿ ತಿರುಗದೇ ಹೋದದ್ದು ಆದದ್ದು, ಅದಕ್ಕೆ ಕರ್ತೃವಿಲ್ಲ. ‘ರಿಪೇರಿಗೆ ಕೊಡಿ ಅಂತ ಹೇಳಿದ್ನಲ್ಲ’ ಎಂದು ಹೆಂಡತಿ ಇನ್ನೊಮ್ಮೆ ಅಂದರೆ ಅದು ಆಕೆ ಮಾಡಿದ್ದು: ‘ಬೆಳಬೆಳಿಗ್ಗೆ ರಗಳೆ ಮಾಡಬೇಡ ಮಾರಾಯ್ತಿ.’ ಮೊದಲ ಸಲ ಹೇಳಿದಾಗ ಅದು ಸುದ್ದಿ. ಎರಡನೆಯ ಸಲ ನೆನಪಿಸಿದ್ದು. ಮೂರನೆಯ ಸಲಕ್ಕೆ ಸವೆದ ರಬ್ಬರು ನಿರಪರಾಧಿಯಾಗಿ ಹೊರಬಂದು ಹೇಳಿದವಳು ಕಟಕಟೆಯಲ್ಲಿರುತ್ತಾಳೆ. ‘ತಕರಾರು’ ಎಂಬ ಪದ ಅರಬ್ಬಿಯಿಂದ ಬಂದದ್ದು, ಅಲ್ಲಿ ಅದಕ್ಕೆ ಪುನರಾವರ್ತನೆ ಎಂಬ ಅರ್ಥ. ಮತ್ತೆ ಮತ್ತೆ ಹೇಳುವುದೇ ತಕರಾರು ಎಂದು ತೀರ್ಮಾನಿಸಿದ ಗಂಡಸರು ಎಲ್ಲ ಭಾಷೆಯಲ್ಲೂ ಇದ್ದರೆಂದು ಕಾಣುತ್ತದೆ. ಮಕ್ಕಳ ಪಾಡೂ ಇದೇ. ಯೂನಿಫಾರ್ಮಿನ ಕಾಲರ್ ಚುಚ್ಚುತ್ತದೆ ಎಂದು ಮಗು ಅಳುತ್ತದೆ. ನಿಜಕ್ಕೂ ಚುಚ್ಚುತ್ತಿರುತ್ತದೆ, ಹಿಂದೆ ಹೊಲಿದ ಅಂಗಡಿಯ ಲೇಬಲ್ಲು. ನಾವದನ್ನು ‘ರಗಳೆ ತೆಗೆದ’ ಎನ್ನುತ್ತೇವೆ.

ಹಾಗಂತ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳುವವರ ಪಕ್ಷ ನನ್ನದಲ್ಲ. ರಗಳೆ ಹಾಡಿಕೊಳ್ಳಬೇಕು. ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಹೇಳುತ್ತ, ‘ನಿನ್ ಮನೆ ಹಾಳಾಗ’ ಎಂದು ಲೈಟರಿಗೆ ಬೈಯುತ್ತ ಓಡಾಡುವವರ ಹಗಲು ಹೇಗೋ ದಾಟುತ್ತದೆ. ಕೆಡುವುದು ಪ್ರಾಸದಿಂದ. ಗ್ಯಾಸ್ಕೆಟ್ಟಿನ ಸಾಲಿಗೆ ‘ನಿಮ್ಮಮ್ಮ ಇದ್ದಾಗಲೂ ಹೀಗೇ’ ಎಂಬ ಸಾಲು ಬಂದು ಜೋಡಿಯಾಗುತ್ತದೆ. ಮರೆತ ಕೊತ್ತಂಬರಿ ಸೊಪ್ಪಿಗೆ ಮರೆತ ಮದುವೆ ವಾರ್ಷಿಕೋತ್ಸವದ ಅಂತ್ಯಪ್ರಾಸ. ‘ಅವತ್ತೂ’ ಎಂದು ಆದಿಪ್ರಾಸ ಹಿಡಿದರೆ ‘ಇವತ್ತೂ’ ಬರಲೇಬೇಕು. ಹತ್ತು ವರ್ಷದ ಹಿಂದಿನ ಸಾಲು ಎಷ್ಟು ಚೆನ್ನಾಗಿ ಕೂರುತ್ತದೆಂದರೆ ಬಿಡಲು ಮನಸ್ಸಾಗುವುದಿಲ್ಲ, ಅದಕ್ಕೇ ಕಾಯುತ್ತಿದ್ದಂತೆ ನಾಲಗೆಗೆ ಬರುತ್ತದೆ.

ಇಪ್ಪತ್ತನೆಯ ಶತಮಾನದ ನಮ್ಮ ಕವಿಗಳು ಲಲಿತರಗಳೆಯನ್ನು ತೆಗೆದುಕೊಂಡು ಒಂದು ಕೆಲಸ ಮಾಡಿದರು. ಐದೈದು ಮಾತ್ರೆಯ ನಾಲ್ಕು ಗಣದ ನಡೆಯನ್ನು ಉಳಿಸಿಕೊಂಡರು, ಪ್ರಾಸವನ್ನು ಕೈಬಿಟ್ಟರು. ಸಾಲಿನ ಕೊನೆಗೆ ಮಾತು ನಿಲ್ಲಲೇಬೇಕು ಎಂಬ ಕಟ್ಟೂ ಹೋಯಿತು. ಮಾಸ್ತಿಯವರ ‘ಯಶೋಧರಾ’, ಕುವೆಂಪು ಅವರ ‘ಬೆರಳ್‌ಗೆ ಕೊರಳ್’ ಎಲ್ಲ ಆ ಧಾಟಿಯವು. ಅದಕ್ಕೆ ಹೆಸರು ಸರಳ ರಗಳೆ. ವಿದ್ಯಾರ್ಥಿಯಾಗಿದ್ದಾಗ ಈ ಹೆಸರು ಕೇಳಿ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದವರಲ್ಲಿ ನಾನೂ ಒಬ್ಬ. ಈಗ ಮನೆಗಳಲ್ಲಿ ಅಪರೂಪಕ್ಕೆ ಅದನ್ನು ಕೇಳುವುದುಂಟು. ನಲ್ಲಿ ಸೋರುತ್ತಿದೆ, ವಾಷರ್ ಹೋಗಿದೆ, ನಾಳೆ ತಂದು ಹಾಕಿ ಎಂಬಲ್ಲಿಗೆ ಮಾತು ನಿಲ್ಲುತ್ತದೆ, ಹಿಂದಿನ ಸಾಲು ಬರುವುದಿಲ್ಲ. ದೂರು ದೂರೇ, ದನಿಯಲ್ಲಿ ಬಿಸಿಯೂ ಇದೆ. ಆದರೆ ವಾಷರ್ ಬರೀ ವಾಷರಾಗಿ ಉಳಿಯುತ್ತದೆ. ಹಾಗೆ ದೂರುವುದನ್ನು ಎಲ್ಲಿ ಕಲಿತರೋ, ನನಗಂತೂ ಹೊಟ್ಟೆಕಿಚ್ಚು.

‘ರಗಳೆ ಇಲ್ಲ’ ಎಂಬುದು ನಮ್ಮಲ್ಲಿ ಕೊಡಬಹುದಾದ ದೊಡ್ಡ ಸರ್ಟಿಫಿಕೇಟು. ಬಾಡಿಗೆಯವರಿಗೆ, ಸ್ಕೂಟರಿಗೆ, ಗಂಡಿನ ಕಡೆಯವರಿಗೆ ಎಲ್ಲಕ್ಕೂ ಅದೇ ನಡೆಯುತ್ತದೆ. ಮನೆ ಮಾಲೀಕರ ಬಾಯಲ್ಲಿ ಅದರ ತಾತ್ಪರ್ಯ: ಬಾಡಿಗೆ ಹೊತ್ತಿಗೆ ಸರಿಯಾಗಿ ಬರುತ್ತದೆ, ಬಚ್ಚಲು ಕಟ್ಟಿಕೊಂಡರೆ ಫೋನ್ ಬರುವುದಿಲ್ಲ. ನಮ್ಮ ನೆಂಟರ ಮನೆಯಲ್ಲೊಮ್ಮೆ ಹುಡುಗನ ವಿಚಾರ ತಂದಿದ್ದ ಮದುವೆ ಬ್ರೋಕರು ಇದೇ ಮಾತನ್ನು ರಾಗವಾಗಿ ಹೇಳಿದ: ‘ಒಳ್ಳೇ ಮನೆತನ, ಏನೇನೂ ರಗಳೆ ಇಲ್ದಿರೋ ಜನ.’ ಮೂಲೆಯಲ್ಲಿ ಹೂ ಕಟ್ಟುತ್ತಿದ್ದ ಹುಡುಗಿಯ ದೊಡ್ಡಮ್ಮ ತಲೆ ಎತ್ತದೆ ಕೇಳಿದರು: ‘ರಗಳೆ ಇಲ್ಲ ಅಂದ್ರೆ ಹೇಗೆ? ಎಲ್ರೂ ಸಮಾಧಾನವಾಗಿದಾರೋ, ಇಲ್ಲಾ ಹೆಂಗಸ್ರಿಗೆ ಬಾಯಿ ಬಿಡಕ್ಕೆ ಬಿಡಲ್ವೋ?’

ಬ್ರೋಕರು ಕಾಫಿ ಲೋಟ ಕೆಳಗಿಟ್ಟ. ‘ವಿಚಾರಿಸಿ ಹೇಳ್ತೀನಮ್ಮಾ’ ಎಂದು ಜೇಬಿನಿಂದ ಇನ್ನೊಂದು ಜಾತಕ ತೆಗೆದ.